ಕಟ್ಟು ಹಾಕಿಸಿದ ಬಿಸಿಲು

ಬಾರ್ಸಿಲೋನಾದಿಂದ ರೈಲು ಹತ್ತಿ ಸುಮಾರು ಒಂದು ಗಂಟೆ ಹೋದರೆ ಮೊಂತ್ಸೆರಾತ್ ಬೆಟ್ಟ ಸಿಗುತ್ತೆ. ಗರಗಸದ ಹಲ್ಲಿನ ಹಾಗೆ ಎದ್ದು ನಿಂತ ಬಂಡೆಗಳು, ಬಂಡೆಗಳ ಸಂದಿಯಲ್ಲೊಂದು ಬೆನೆಡಿಕ್ಟೈನ್ ಸಾಧುಗಳ ಮಠ. ಮಠದ ಮಗ್ಗುಲಲ್ಲಿ ಒಂದು ಮ್ಯೂಸಿಯಂ ಇದೆ. ಬಹುತೇಕ ಪ್ರವಾಸಿಗರು ಮೇರಿಮಾತೆಯ ಕಪ್ಪು ವಿಗ್ರಹ ಮುಟ್ಟಿ, ಬೆಟ್ಟದ ಮುಂದೆ ಫೋಟೋ ಹೊಡೆಸಿಕೊಂಡು ವಾಪಸ್ ರೈಲು ಹತ್ತುತ್ತಾರೆ. ಮ್ಯೂಸಿಯಂಗೆ ಹೋಗುವವರು ಕಮ್ಮಿ. ಅಲ್ಲಿರುವ ಒಂದು ಚಿತ್ರದ ಬಗ್ಗೆ ನಾನಿಲ್ಲಿ ಬರೀತಾ ಇದ್ದೀನಿ. ಹೆಸರು 'ರತ್ನಗಂಬಳಿ ಮಾರುವವ'. ವರ್ಷ 1870. ಅಗಲ 85 ಸೆಂಟಿಮೀಟರ್, ಎತ್ತರ 59. ಬಿಡಿಸಿದವನು ಸ್ಪೇನಿನ ಮರಿಯಾನೊ ಫೋರ್ತುನಿ.

ಮೊರಾಕ್ಕೋದ ಯಾವುದೋ ಪೇಟೆಯ ಅಂಗಡಿ. ಇಳಿಬಿಟ್ಟ ರತ್ನಗಂಬಳಿಗಳು, ವ್ಯಾಪಾರ ಮಾಡುವವರು, ಸುಮ್ಮನೆ ಕೂತವರು, ಮತ್ತೆ ಬಿಸಿಲು. ಕಣ್ಣು ಕುಕ್ಕುವಷ್ಟು ಬಿಸಿಲು. ಬಣ್ಣಗಳ ಭಾರ, ಬಟ್ಟೆಯ ದಪ್ಪ ನೋಡಿದರೆ ಯಾರಾದರೂ ಇದನ್ನು ತೈಲವರ್ಣ ಅಂತಲೇ ಅಂದುಕೊಳ್ಳಬೇಕು. ಪಕ್ಕದ ಚೀಟಿ ಓದಿದರೆ 'ಕಾಗದದ ಮೇಲೆ ಜಲವರ್ಣ' ಅಂತಿರುತ್ತೆ. ಬರೀ ನೀರು, ಬಣ್ಣ, ಕಾಗದ.

ವಾಟರ್ ಕಲರ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಸ್ಕೂಲಿನ ಬಣ್ಣದ ಬಿಲ್ಲೆಗಳ ಡಬ್ಬಿ. ಹನ್ನೆರಡು ಬಿಲ್ಲೆ, ಒಂದು ಬೋಳು ಬ್ರಶ್ಶು, ಎರಡು ಗುಡ್ಡದ ಮಧ್ಯೆ ಸೂರ್ಯ. ನಮ್ಮೂರ ಪ್ರೈಮರಿ ಸ್ಕೂಲಲ್ಲಿ ಇಡೀ ಕ್ಲಾಸಿಗೆ ಅಂಥ ಒಂದೇ ಡಬ್ಬಿ ಇತ್ತು, ಅದರಲ್ಲಿ ಹಳದಿ ಯಾವತ್ತೋ ಖಾಲಿಯಾಗಿತ್ತು. ಮಕ್ಕಳ ಆಟದ ವಸ್ತು ಅನ್ನೋ ಈ ಭಾವನೆ ಯಾಕೆ ಬಂತೋ ಗೊತ್ತಿಲ್ಲ, ಯಾಕಂದ್ರೆ ಇದರಷ್ಟು ಕರುಣೆಯಿಲ್ಲದ ಮಾಧ್ಯಮ ಇನ್ನೊಂದಿಲ್ಲ. ಬಣ್ಣದ ಪುಡಿಯನ್ನು ಜಾಲಿ ಜಾತಿಯ ಮರದ ಅಂಟಿನಲ್ಲಿ ಕಲಸಿ, ನೀರಲ್ಲಿ ತೆಳು ಮಾಡಿ ಹಚ್ಚುತ್ತಾರೆ. ಬಣ್ಣ ಪಾರದರ್ಶಕ. ಬೆಳಕು ಅದರ ಮೂಲಕ ಹಾದು, ಕೆಳಗಿನ ಬಿಳಿ ಕಾಗದಕ್ಕೆ ತಾಗಿ, ತಿರುಗಿ ನಮ್ಮ ಕಣ್ಣಿಗೆ ಬರುತ್ತೆ. ಹಾಗಾಗಿ ಈ ಪದ್ಧತಿಯಲ್ಲಿ ಬಿಳಿ ಅನ್ನೋದು ಹಚ್ಚುವ ಬಣ್ಣ ಅಲ್ಲ, ಹಚ್ಚದೆ ಬಿಟ್ಟ ಜಾಗ. ಗೋಡೆಯ ಮೇಲೆ ಬಿಸಿಲು ಎಲ್ಲಿ ಬೀಳುತ್ತೆ ಅನ್ನೋದನ್ನು ಬ್ರಶ್ ಮುಟ್ಟುವ ಮೊದಲೇ ತೀರ್ಮಾನ ಮಾಡಿರಬೇಕು. ತೈಲವರ್ಣದಲ್ಲಿ ತಪ್ಪಾದರೆ ಕೆರೆದು ಮತ್ತೆ ಬಳಿಯಬಹುದು. ಇಲ್ಲಿ ಕಂಟ್ರೋಲ್ ಝಡ್ ಇಲ್ಲ. 1834ರಲ್ಲಿ ಲಂಡನ್ನಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿ 'ಚೈನೀಸ್ ವೈಟ್' ಅನ್ನೋ ಸತುವಿನ ಬಿಳಿ ಮಾರುಕಟ್ಟೆಗೆ ಬಿಟ್ಟ ಮೇಲೆ ಸ್ವಲ್ಪ ತೇಪೆ ಹಾಕೋದು ಸಾಧ್ಯವಾಯ್ತು. ಆದರೆ ತೇಪೆ ತೇಪೆಯೇ.

ಇಂಥ ಮಾಧ್ಯಮದಲ್ಲಿ ಕೈ ಪಳಗಿಸಿಕೊಂಡ ಮನುಷ್ಯ ಹುಟ್ಟಿದ್ದು 1838ರ ಜೂನ್ 11ರಂದು, ಕ್ಯಾಟಲೋನಿಯಾದ ರೆಯುಸ್ ಅನ್ನೋ ಊರಲ್ಲಿ. (ಹದಿನಾಲ್ಕು ವರ್ಷದ ನಂತರ ವಾಸ್ತುಶಿಲ್ಪಿ ಗೌಡಿಗೆ ನಾಮಕರಣವಾದದ್ದೂ ಇದೇ ಊರಿನ ಚರ್ಚಿನಲ್ಲಿ. ಸಣ್ಣ ಊರು ಅಂತ ಯಾವುದನ್ನೂ ತಾತ್ಸಾರ ಮಾಡೋ ಹಾಗಿಲ್ಲ.) ಅಪ್ಪ ಬಡಗಿ. ಹುಡುಗನಿಗೆ ಹನ್ನೆರಡು ತುಂಬೋ ಹೊತ್ತಿಗೆ ಅಪ್ಪನೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಸಾಕಿದ್ದು ತಾತ. ತಾತನ ಹೆಸರೂ ಮರಿಯಾನೊ ಫೋರ್ತುನಿಯೇ. ಅವನೂ ಮರಗೆಲಸದವನು, ಜೊತೆಗೆ ಮೇಣದ ಬೊಂಬೆ ಮಾಡುತ್ತಿದ್ದ. ಬೊಂಬೆಗಳನ್ನು ಹೊತ್ತುಕೊಂಡು ಊರೂರು ತಿರುಗಿ ತೋರಿಸಿ ಕಾಸು ಸಂಪಾದಿಸೋದು. ಮೊಮ್ಮಗನ ಕೆಲಸ ಬೊಂಬೆಗಳಿಗೆ ಬಣ್ಣ ಹಚ್ಚೋದು. ಹುಡುಗನ ಕೈ ಚೆನ್ನಾಗಿದೆ ಅಂತ ಮುದುಕನಿಗೆ ಗೊತ್ತಾಯ್ತು. 1852ರಲ್ಲಿ ಇಬ್ಬರೂ ಬಾರ್ಸಿಲೋನಾಕ್ಕೆ ಹೊರಟರು. ನಡೆದುಕೊಂಡು ಹೋದರು ಅಂತ ಆತನ ಜೀವನ ಬರೆದವರು ಹೇಳುತ್ತಾರೆ. ಹತ್ತಿರ ಹತ್ತಿರ ನೂರು ಕಿಲೋಮೀಟರ್.

ಬಾರ್ಸಿಲೋನಾದಲ್ಲಿ ದೊಮೆನೆಕ್ ತಲಾರ್ನ್ ಅನ್ನೋ ಶಿಲ್ಪಿ ಕೈ ಹಿಡಿದ. ಲೊತ್ಯಾ ಕಲಾಶಾಲೆಯಲ್ಲಿ ಸೀಟು ಸಿಕ್ಕಿತು. ಅಲ್ಲಿಂದ ಮುಂದಿನದು ನಮಗೆಲ್ಲ ಗೊತ್ತಿರುವ ದಾರಿಯೇ: ಸ್ಕಾಲರ್‌ಶಿಪ್ಪು. ಬಾರ್ಸಿಲೋನಾದ ಪ್ರಾಂತೀಯ ಸಭೆ, ಅಂದರೆ ನಮ್ಮ ಜಿಲ್ಲಾ ಪಂಚಾಯ್ತಿಯ ಥರದ ಸಂಸ್ಥೆ, ರೋಮಿಗೆ ಹೋಗಿ ಚಿತ್ರಕಲೆ ಕಲಿಯಲು ಒಬ್ಬ ಹುಡುಗನಿಗೆ ದುಡ್ಡು ಕೊಡುತ್ತಿತ್ತು. 1857ರಲ್ಲಿ ಸ್ಪರ್ಧೆ ಗೆದ್ದ ಫೋರ್ತುನಿ 1858ರ ಮಾರ್ಚಿನಲ್ಲಿ ರೋಮ್ ಸೇರಿದ. ಆಗ ಅವನಿಗೆ ಹತ್ತೊಂಬತ್ತು.

ಸ್ಕಾಲರ್‌ಶಿಪ್ಪು ಪುಕ್ಕಟೆ ಅಲ್ಲ. ಕಲಿತದ್ದಕ್ಕೆ ಸಾಕ್ಷಿಯಾಗಿ ಚಿತ್ರ ಬಿಡಿಸಿ ಊರಿಗೆ ಕಳಿಸುತ್ತಿರಬೇಕು. ಕೊಟ್ಟವರು ಕರೆದಾಗ ಬರಬೇಕು. ಕ್ಯಾಂಪಸ್ಸಲ್ಲಿ ಸೆಲೆಕ್ಟ್ ಆಗಿ ಎರಡು ವರ್ಷದ ಬಾಂಡಿಗೆ ಸೈನ್ ಹಾಕಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರೆ ಬಂದದ್ದು 1860ರ ಆರಂಭದಲ್ಲಿ. ಸ್ಪೇನ್ ಮೊರಾಕ್ಕೋದ ಮೇಲೆ ಯುದ್ಧ ಹೂಡಿತ್ತು. ಸೇನೆಯಲ್ಲಿ ಕ್ಯಾಟಲನ್ ಸ್ವಯಂಸೇವಕರಿದ್ದರು, ಅವರನ್ನು ನಡೆಸಿದ ಜನರಲ್ ಪ್ರಿಮ್ ಕೂಡ ರೆಯುಸ್ ಊರಿನವನೇ. ಪ್ರಾಂತೀಯ ಸಭೆಗೆ ಹುಮ್ಮಸ್ಸು ಬಂತು. ನಮ್ಮ ಹುಡುಗನೇ ಇದ್ದಾನಲ್ಲ, ಅವನನ್ನೇ ಕಳಿಸೋಣ, ನಮ್ಮವರ ಸಾಹಸವನ್ನು ದೊಡ್ಡ ದೊಡ್ಡ ಚಿತ್ರ ಮಾಡಿಕೊಂಡು ಬರಲಿ ಅಂತ ತೀರ್ಮಾನವಾಯ್ತು.

ಯುದ್ಧದ ದೊಡ್ಡ ಕದನ ತೆತುವಾನ್ ಪಟ್ಟಣದ ಹೊರಗೆ ಫೆಬ್ರವರಿ 4ರಂದು ನಡೆಯಿತು. ಫೋರ್ತುನಿ ಅಲ್ಲಿಗೆ ತಲುಪುವ ಹೊತ್ತಿಗೆ ಕದನ ಮುಗಿದು ಕೆಲವು ದಿನ ಆಗಿತ್ತು. ಮುಂದೆ ವರ್ಷಗಟ್ಟಲೆ ಆತನ ತಲೆ ಮೇಲೆ ಕೂತ ಆ ಕದನವನ್ನು ಆತ ನೋಡಿಯೇ ಇರಲಿಲ್ಲ!

ನೋಡಿದ್ದು ಬೇರೆ. ಮಾರ್ಚ್ 23ರ ವಾದ್-ರಾಸ್ ಕದನ ಕಂಡ. ಅದಕ್ಕಿಂತ ಹೆಚ್ಚಾಗಿ ತೆತುವಾನಿನ ಬೀದಿಗಳನ್ನು ಕಂಡ. ಸುಣ್ಣ ಬಳಿದ ಗೋಡೆಗಳು, ಮೇಲುಹೊದಿಕೆ ಹೊದ್ದು ಗೋಡೆಗೆ ಒರಗಿ ಕೂತ ಜನ, ಕುದುರೆಗಳು, ಅಂಗಡಿ ಸಾಲು. ರೋಮಿನ ಶಾಲೆಯಲ್ಲಿ ಕಲಿಸಿದ್ದು ಮಬ್ಬುಗತ್ತಲೆ ಕೋಣೆಯಲ್ಲಿ ಮಾಡೆಲ್ ಕೂರಿಸಿ, ಗೆರೆ ತಿದ್ದಿ, ನೆರಳು ಕೂಡಿಸುವ ವಿದ್ಯೆ. ಆಫ್ರಿಕಾದ ಬಿಸಿಲಿಗೆ ಆ ವಿದ್ಯೆ ಸಾಲದು. ಅಲ್ಲಿ ಬೆಳಕು ಆಕಾರಗಳ ಅಂಚನ್ನೇ ತಿಂದು ಹಾಕುತ್ತೆ. ಅದನ್ನು ಹಿಡಿಯೋಕೆ ಪೆನ್ಸಿಲ್ಲು, ನೀರು, ಕಾಗದ ಸಾಕಾಯ್ತು. ಬೇಗ ಒಣಗುತ್ತೆ, ಜೋಳಿಗೆಯಲ್ಲಿ ಹಿಡಿಸುತ್ತೆ, ಬಿಳಿ ಗೋಡೆಗೆ ಬಿಳಿ ಕಾಗದ ಹೇಗೂ ಇದ್ದೇ ಇದೆ. ಆತನೊಳಗಿನ ಚಿತ್ರಕಾರ ಹುಟ್ಟಿದ್ದು ಆ ಬೀದಿಗಳಲ್ಲಿ ಅಂತ ನನಗನ್ನಿಸುತ್ತೆ. ಸೈನ್ಯದ ಹಿಂದೆ ಹೋದವನಿಗೆ ಸೈನ್ಯಕ್ಕಿಂತ ಸೋತವರ ಊರು ಹೆಚ್ಚು ಹಿಡಿಸಿತು. 1862ರಲ್ಲಿ ಮತ್ತೆ ಮೊರಾಕ್ಕೋಕ್ಕೆ ಹೋದ.

ಈ ಬಿಸಿಲಿನ ಇನ್ನೊಂದು ಬದಿಯನ್ನೂ ಹೇಳಿಬಿಡಬೇಕು. ವಾದ್-ರಾಸ್ ಒಪ್ಪಂದದ ಪ್ರಕಾರ ಮೊರಾಕ್ಕೋ ಸ್ಪೇನಿಗೆ ಎರಡು ಕೋಟಿ ದೂರೋ, ಅಂದರೆ ಹತ್ತು ಕೋಟಿ ಪೆಸೆತಾ, ದಂಡ ಕೊಡಬೇಕಿತ್ತು. ಖಜಾನೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಬಂದರುಗಳ ಸುಂಕದಲ್ಲಿ ಅರ್ಧ ಸ್ಪೇನಿಗೆ ಹೋಗತೊಡಗಿತು, ಸಾಲದ್ದಕ್ಕೆ ಬ್ರಿಟನ್ನಿನಿಂದ ಸಾಲ ತರಬೇಕಾಯ್ತು. ಮ್ಯಾಡ್ರಿಡ್ಡಿನ ಸಂಸತ್ ಭವನದ ಮೆಟ್ಟಿಲ ಪಕ್ಕ ಇವತ್ತಿಗೂ ಎರಡು ಕಂಚಿನ ಸಿಂಹಗಳಿವೆ. ಆ ಯುದ್ಧದಲ್ಲಿ ಕಿತ್ತುಕೊಂಡ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದದ್ದು ಅವು. ಹತ್ತು ವರ್ಷದ ನಂತರ ಬಿಡಿಸಿದ 'ರತ್ನಗಂಬಳಿ ಮಾರುವವ' ಎಷ್ಟು ನೆಮ್ಮದಿಯ ಚಿತ್ರ! ಆ ವ್ಯಾಪಾರಿಯ ದೇಶ ಆಗಲೂ ಆ ದಂಡ ಕಟ್ಟುತ್ತಲೇ ಇತ್ತು. ಚಿತ್ರದಲ್ಲಿ ಅದರ ಸುಳಿವಿಲ್ಲ. ಯುರೋಪಿನ ಸಾಹುಕಾರನ ಮನೆಯ ಗೋಡೆಗೆ ಬೇಕಿದ್ದು ಬಿಸಿಲು ಮಾತ್ರ.

ಈಗ ಬಾಂಡಿನ ಕತೆ. ಯುದ್ಧದ ಚಿತ್ರ ಹೇಗಿರಬೇಕು ಅಂತ ನೋಡಿ ಬಾ ಅಂತ ಪ್ರಾಂತೀಯ ಸಭೆ ಫೋರ್ತುನಿಯನ್ನು ಪ್ಯಾರಿಸ್ಸಿಗೆ ಕಳಿಸಿತು. ವರ್ಸೇಲ್ಸ್ ಅರಮನೆಯಲ್ಲಿ ಓರಸ್ ವರ್ನೆ ಬಿಡಿಸಿದ ಭಾರೀ ಯುದ್ಧಚಿತ್ರಗಳಿದ್ದವು, ಅವೇ ಮಾದರಿ. ವಾಪಸ್ ರೋಮಿಗೆ ಬಂದು 'ತೆತುವಾನ್ ಕದನ' ಶುರು ಮಾಡಿದ. ಕ್ಯಾನ್ವಾಸಿನ ಎತ್ತರ ಮೂರು ಮೀಟರ್, ಅಗಲ ಒಂಬತ್ತು ಮುಕ್ಕಾಲು ಮೀಟರಿನ ಹತ್ತಿರ. ಒಂದು ಬಿಎಂಟಿಸಿ ಬಸ್ಸಿನ ಮಗ್ಗುಲಿನಷ್ಟು ಅಂದುಕೊಳ್ಳಿ. ಒಂದಷ್ಟು ಕಾಲ ಬಿಡಿಸಿದ. ಧೂಳು, ಕುದುರೆ, ಓಡುವ ಜನ, ದೂರದ ಆಕಾಶ ಎಲ್ಲ ಬಂತು. ಆದರೆ ಚಿತ್ರ ಮುಗಿಯಲಿಲ್ಲ. ನಿಂತಿತು. ಮತ್ತೆ ಹಿಡಿದ, ಮತ್ತೆ ನಿಂತಿತು. ಹೀಗೇ ವರ್ಷಗಳು ಹೋದವು. ಕಡೆಗೆ ಪಡೆದ ಮುಂಗಡ ಹಣವನ್ನು ವಾಪಸ್ ಕೊಟ್ಟು ಆತ ಆ ಒಪ್ಪಂದದಿಂದ ಬಿಡಿಸಿಕೊಂಡ. ಸೋಮಾರಿತನ ಅಂತ ಇದನ್ನು ತಳ್ಳಿಹಾಕೋಕೆ ಆಗಲ್ಲ, ಯಾಕಂದ್ರೆ ಅದೇ ವರ್ಷಗಳಲ್ಲಿ ಆತ ಹಗಲೂ ರಾತ್ರಿ ಕೆಲಸ ಮಾಡುತ್ತಿದ್ದ. ಹಗಲು ಸ್ಟುಡಿಯೋ, ಸಂಜೆಯಾದರೆ ರೋಮಿನ ಜೀಜಿ ಅಕಾಡೆಮಿಯಲ್ಲಿ ಮಾಡೆಲ್ ನೋಡಿ ಜಲವರ್ಣದ ಅಭ್ಯಾಸ. ತಾನು ನೋಡದ ಗೆಲುವೊಂದನ್ನು ಊರಿನವರ ಹೆಮ್ಮೆಗೋಸ್ಕರ ಬಿಡಿಸೋದು ಆ ಕೈಗೆ ಒಗ್ಗಲಿಲ್ಲ ಅಷ್ಟೇ.

1866ರಲ್ಲಿ ಮ್ಯಾಡ್ರಿಡ್ಡಿಗೆ ಹೋದಾಗ ಪ್ರಾದೋ ಮ್ಯೂಸಿಯಂನಲ್ಲಿ ವೆಲಾಸ್ಕೆಸ್‌ನ 'ಮೆನಿಪ್ಪಸ್' ಎದುರು ಕೂತು ಅದನ್ನು ಜಲವರ್ಣದಲ್ಲಿ ನಕಲು ಮಾಡಿದ. ಮೆನಿಪ್ಪಸ್ ಹಳೇ ಗ್ರೀಕ್ ದಾರ್ಶನಿಕ. ವೆಲಾಸ್ಕೆಸ್ ಅವನನ್ನು ಹಳೇ ನಿಲುವಂಗಿ ಹೊದ್ದ ಭಿಕ್ಷುಕನ ಥರ ಬಿಡಿಸಿದ್ದಾನೆ. ತೈಲವರ್ಣದ ಆ ಗಾಢ ಕಪ್ಪನ್ನು ನೀರಿನ ಬಣ್ಣದಲ್ಲಿ ತರೋದು ಬಾಯಿಮಾತಲ್ಲ. ಒಂದು ಪದರ ಒಣಗೋವರೆಗೆ ಕಾದು ಇನ್ನೊಂದು ಹಚ್ಚಬೇಕು, ಆತುರಪಟ್ಟರೆ ಕೆಳಗಿನದು ಎದ್ದು ಕೆಸರಾಗುತ್ತೆ. ಆ ನಕಲೂ ಈಗ ಪ್ರಾದೋದಲ್ಲೇ ಇದೆ. ಮುಂದಿನ ವರ್ಷ ಅದೇ ಮ್ಯೂಸಿಯಂನ ನಿರ್ದೇಶಕನಾಗಿದ್ದ ಫೆದೆರಿಕೊ ದೆ ಮದ್ರಾಸೊನ ಮಗಳು ಸೆಸಿಲಿಯಾಳ ಜೊತೆ ಫೋರ್ತುನಿಯ ಮದುವೆಯಾಯ್ತು. ಮೇಣದ ಬೊಂಬೆಗೆ ಬಣ್ಣ ಹಚ್ಚುತ್ತಿದ್ದ ಅನಾಥ ಹುಡುಗ ಸ್ಪೇನಿನ ಅತ್ಯಂತ ಪ್ರಭಾವಿ ಕಲಾವಿದರ ಮನೆತನದ ಅಳಿಯ.

ಅದೇ 1866ರಲ್ಲಿ ಇನ್ನೂ ದೊಡ್ಡ ಸಂಬಂಧ ಕುದುರಿತ್ತು. ಪ್ಯಾರಿಸ್ಸಿನಲ್ಲಿ ಅಡಾಲ್ಫ್ ಗೂಪಿಲ್ ಅನ್ನೋ ವ್ಯಾಪಾರಿಯ ಪರಿಚಯವಾಯ್ತು. ಗೂಪಿಲ್ ಕಂಪನಿ ಚಿತ್ರಗಳನ್ನು ಮಾರುವುದಷ್ಟೇ ಅಲ್ಲ, ಅವುಗಳ ಅಚ್ಚಿನ ಪ್ರತಿ ತೆಗೆದು ದೇಶದೇಶಕ್ಕೆ ಕಳಿಸುತ್ತಿತ್ತು. ಲಂಡನ್, ನ್ಯೂಯಾರ್ಕ್, ಹೇಗ್ ಹೀಗೆ ಬೇರೆ ಬೇರೆ ಊರುಗಳಲ್ಲಿ ಅದರ ಮಳಿಗೆಗಳಿದ್ದವು. ಒಂದು ಚಿತ್ರ ಒಬ್ಬ ಸಾಹುಕಾರನಿಗೆ, ಅದರ ಸಾವಿರಾರು ಪ್ರತಿ ಮಧ್ಯಮ ವರ್ಗದವರಿಗೆ. ಆಗಿನ ಪ್ರಸಿದ್ಧ ಕಲಾವಿದ ಜೆರೋಮ್ ಈ ಗೂಪಿಲ್‌ನ ಅಳಿಯ. ಮಾವನ ಮಳಿಗೆ, ಅಳಿಯನ ಚಿತ್ರ. ಆ ಕಾಲದ ಇಕೋಸಿಸ್ಟಮ್ ಅನ್ನಬಹುದು.

ಗೂಪಿಲ್ ಜೊತೆಗಿನ ವ್ಯವಹಾರ ಫೋರ್ತುನಿಗೆ ಹೆಸರನ್ನೂ ದುಡ್ಡನ್ನೂ ತಂದುಕೊಟ್ಟಿತು. 1870ರಲ್ಲಿ ಗೂಪಿಲ್ ಗ್ಯಾಲರಿಯಲ್ಲಿ 'ಲಾ ವಿಕಾರಿಯಾ' ಅನ್ನೋ ತೈಲಚಿತ್ರ ಪ್ರದರ್ಶನವಾಯ್ತು. ಚರ್ಚಿನ ಕಚೇರಿಯಲ್ಲಿ ಮದುವೆಯ ಒಪ್ಪಂದಕ್ಕೆ ಸಹಿ ಹಾಕುವ ದೃಶ್ಯ, ಎಲ್ಲರೂ ನೂರು ವರ್ಷದ ಹಿಂದಿನ ರೇಷ್ಮೆ ಬಟ್ಟೆ ತೊಟ್ಟಿದ್ದಾರೆ. ಚಿತ್ರ ಒಂದು ಮೀಟರ್ ಅಗಲವೂ ಇಲ್ಲ. ಪ್ಯಾರಿಸ್ಸಿನ ದೊಡ್ಡ ವಿಮರ್ಶಕ ತೆಯೋಫಿಲ್ ಗೋತಿಯೆ ಹೊಗಳಿ ಬರೆದ. ಬೆಲೆ ಎಪ್ಪತ್ತು ಸಾವಿರ ಫ್ರಾಂಕ್. ದಿನಕ್ಕೆ ಐದು ಫ್ರಾಂಕ್ ಕೂಲಿ, ವರ್ಷಕ್ಕೆ ಮುನ್ನೂರು ದಿನ ಕೆಲಸ ಅಂತ ಲೆಕ್ಕ ಹಾಕಿದರೆ ಒಬ್ಬ ಕೂಲಿಯವ ನಲವತ್ತಾರು ವರ್ಷ ದುಡಿಯಬೇಕು. ಅದೇ ಹೊತ್ತಿನಲ್ಲಿ ಗೂಪಿಲ್ ಕಂಪನಿಯ ಹೇಗ್ ಶಾಖೆಗೆ ಹೊಸದಾಗಿ ಸೇರಿದ್ದ ಹದಿನಾರು-ಹದಿನೇಳರ ಹುಡುಗನೊಬ್ಬ ಚಿತ್ರಗಳನ್ನೂ ಅಚ್ಚಿನ ಪ್ರತಿಗಳನ್ನೂ ಮಾರೋದು ಕಲೀತಿದ್ದ. ಹೆಸರು ವಿನ್ಸೆಂಟ್ ವ್ಯಾನ್ ಗೋ. ಆರೇಳು ವರ್ಷದಲ್ಲಿ ಕಂಪನಿ ಅವನನ್ನು ಮನೆಗೆ ಕಳಿಸಿತು.

ಇಲ್ಲಿ ಕಟ್ಟಿನ ವಿಷಯಕ್ಕೆ ಬರಬೇಕು. ನಮ್ಮೂರ ಕಡೆ 'ಕಟ್ಟು ಹಾಕಿಸೋದು' ಅಂದರೆ ಗಂಭೀರವಾದ ವಿಷಯ. ಗೋಡೆ ಮೇಲೆ ಕಟ್ಟು ಹಾಕಿಸಿ ತೂಗುಹಾಕುತ್ತಿದ್ದದ್ದು ದೇವರನ್ನು, ತೀರಿಕೊಂಡ ಹಿರಿಯರನ್ನು, ಆಮೇಲೆ ನಮ್ಮಂಥವರ ಬಿ.ಇ. ಘಟಿಕೋತ್ಸವದ ಫೋಟೋವನ್ನು. ಕಟ್ಟು ಹಾಕಿದ ಮೇಲೆ ಅದು ಬರೀ ಕಾಗದ ಅಲ್ಲ, ಅದಕ್ಕೊಂದು ಸ್ಥಾನ ಬಂತು ಅಂತ ಅರ್ಥ. ಜಲವರ್ಣಕ್ಕೂ ಹೀಗೇ ಆಯ್ತು. ಬಹಳ ಕಾಲ ಅದು ಕರಡು ಕೆಲಸದ ವಸ್ತು. ನಕ್ಷೆಗೆ, ಗಿಡಮೂಲಿಕೆ ಪುಸ್ತಕಕ್ಕೆ, ಪ್ರವಾಸದ ಟಿಪ್ಪಣಿಗೆ ಬಳಸಿ ಕಡತದಲ್ಲಿ ಮುಚ್ಚಿಡುತ್ತಿದ್ದರು. 1804ರಲ್ಲಿ ಲಂಡನ್ನಿನಲ್ಲಿ ಜಲವರ್ಣದವರೇ ತಮ್ಮದೊಂದು ಸಂಘ ಕಟ್ಟಿಕೊಂಡು ಬೇರೆ ಪ್ರದರ್ಶನ ಶುರು ಮಾಡಿದರು. ತೈಲಚಿತ್ರದ ಪಕ್ಕದಲ್ಲಿ ತಮ್ಮದು ಸಪ್ಪೆಯಾಗಿ ಕಾಣಬಾರದು ಅಂತ ದಪ್ಪ ಚಿನ್ನದ ಬಣ್ಣದ ಕಟ್ಟು ಹಾಕಿಸಿದರು, ಮೇಲೆ ಗಾಜು ಕೂರಿಸಿದರು. ಕಟ್ಟಿಗೆ ತಕ್ಕ ಹಾಗೆ ಚಿತ್ರಗಳೂ ಬದಲಾದವು. ದೊಡ್ಡವಾದವು, ದಟ್ಟವಾದವು, ಅಂಚಿನಿಂದ ಅಂಚಿಗೆ ತುಂಬಿಕೊಂಡವು. 85 ಸೆಂಟಿಮೀಟರ್ ಅಗಲದ 'ರತ್ನಗಂಬಳಿ ಮಾರುವವ' ಈ ಬದಲಾವಣೆಯ ಕೂಸು. ತೆತುವಾನಿನ ಬೀದಿಯಲ್ಲಿ ಗಡಿಬಿಡಿಯಲ್ಲಿ ಹಿಡಿದ ಬೆಳಕು ಹತ್ತು ವರ್ಷದಲ್ಲಿ ಕಟ್ಟು ಹಾಕಿಸಿಕೊಂಡು ಮಾರುಕಟ್ಟೆಗೆ ಬಂತು.

ಹಾಗಂತ ಅದು ಬರೀ ಸರಕು ಅಂತ ನಾನು ಹೇಳಲ್ಲ. ಫೋರ್ತುನಿಯ ತೈಲಚಿತ್ರಗಳಲ್ಲಿ ನನಗೆ ಕೆಲವೊಮ್ಮೆ ಉಸಿರು ಕಟ್ಟುತ್ತೆ. ಪ್ರತಿ ಗುಂಡಿ, ಪ್ರತಿ ಜರಿ ಎಳೆ ಮಿಂಚುತ್ತಾ ಇರುತ್ತೆ, ಕಣ್ಣಿಗೆ ಕೂರಲು ಜಾಗ ಇಲ್ಲ. ಕೊಂಡವರಿಗೆ ಅದೇ ಬೇಕಿತ್ತು. ಕೊಟ್ಟ ಪ್ರತಿ ಫ್ರಾಂಕಿಗೂ ಕೆಲಸ ಕಾಣಬೇಕು. ಜಲವರ್ಣದಲ್ಲಿ ಮಾತ್ರ ಮಾಧ್ಯಮವೇ ಅವನನ್ನು ತಡೆಯುತ್ತೆ. ಬಿಳಿ ಬೇಕು ಅಂದರೆ ಎಲ್ಲೋ ಒಂದು ಕಡೆ ಕೈ ಎತ್ತಲೇಬೇಕು.

ಕೈ ಎತ್ತುವ ಆಸೆ ಆತನಿಗೂ ಬಂದಿತ್ತು. 1870ರಲ್ಲಿ ಪ್ಯಾರಿಸ್ಸನ್ನೂ ಅದರ ಗದ್ದಲವನ್ನೂ ಬಿಟ್ಟು ಕುಟುಂಬದ ಜೊತೆ ದಕ್ಷಿಣ ಸ್ಪೇನಿನ ಗ್ರನಾದಾಕ್ಕೆ ಹೋದ. ಆಲ್ಹಂಬ್ರಾ ಕೋಟೆಯ ಪಕ್ಕದಲ್ಲೇ ಬಿಡಾರ. 1872ರವರೆಗೆ ಅಲ್ಲೇ ಇದ್ದ. ಅಂಗಳದ ಬಿಸಿಲು, ಕೋಳಿ, ಹಳೇ ಗೋಡೆ ಹೀಗೆ ಯಾರೂ ಕೇಳದ ವಿಷಯಗಳನ್ನು ಬಿಡಿಸಿದ. ಮಗ ಹುಟ್ಟಿದ್ದೂ 1871ರಲ್ಲಿ ಗ್ರನಾದಾದಲ್ಲೇ. ಅವನಿಗೂ ಮರಿಯಾನೊ ಅಂತಲೇ ಹೆಸರಿಟ್ಟರು. ಜೀವನದ ಅತ್ಯಂತ ಸುಖದ ವರ್ಷಗಳು ಅವು ಅಂತ ಎಲ್ಲ ಜೀವನಚರಿತ್ರೆಗಳೂ ಹೇಳುತ್ತವೆ.

ಸುಖಕ್ಕೂ ಖರ್ಚಿದೆ. ಆತನಿಗೆ ಹಳೇ ವಸ್ತುಗಳ ಹುಚ್ಚು. ಇಸ್ಲಾಮಿ ಪಿಂಗಾಣಿ, ಕತ್ತಿ, ರೇಷ್ಮೆ, ರತ್ನಗಂಬಳಿ ಏನು ಕಂಡರೂ ಕೊಳ್ಳುತ್ತಿದ್ದ. ಗ್ರನಾದಾದ ಹತ್ತಿರದ ಸಾಲಾರ್ ಊರಿನಲ್ಲಿ ಆಲ್ಹಂಬ್ರಾ ಕಾಲದ ದೊಡ್ಡ ಹೂಜಿಯೊಂದನ್ನು ಕೊಂಡ. ಅದು ಈಗ ರಷ್ಯಾದ ಹರ್ಮಿಟಾಜ್ ಮ್ಯೂಸಿಯಂನಲ್ಲಿ 'ಫೋರ್ತುನಿ ಹೂಜಿ' ಅನ್ನೋ ಹೆಸರಲ್ಲೇ ಇದೆ. ರೋಮಿನ ಸ್ಟುಡಿಯೋವೇ ಒಂದು ಮ್ಯೂಸಿಯಂ ಥರ ಇತ್ತು, ನೋಡಲು ಜನ ಬರುತ್ತಿದ್ದರು. ಇದನ್ನೆಲ್ಲ ಸಾಕಲು ಗೂಪಿಲ್‌ಗೆ ಬೇಕಾದ ಚಿತ್ರ ಬಿಡಿಸಬೇಕು, ಆ ಚಿತ್ರ ಬಿಡಿಸಲು ಈ ಬಟ್ಟೆ, ಪಾತ್ರೆ, ಕತ್ತಿಗಳು ಬೇಕು. ಫ್ಲ್ಯಾಟಿನ ಇಎಂಐ ಮತ್ತು ಕೆಲಸ ಒಂದನ್ನೊಂದು ಹಿಡಿದುಕೊಂಡು ಸುತ್ತುವ ಆಟ ನಮ್ಮ ತಲೆಮಾರು ಕಂಡುಹಿಡಿದದ್ದೇನಲ್ಲ. ಮಾರಾಟಕ್ಕೆ ಅಂತ ಬಿಡಿಸೋದು ಸಾಕು, ನನಗೆ ಬೇಕಾದ ಹಾಗೆ ಬಿಡಿಸಬೇಕು ಅನ್ನೋ ಮಾತು ಕಡೆಯ ವರ್ಷಗಳಲ್ಲಿ ಆತ ಗೆಳೆಯರ ಹತ್ತಿರ ಆಡುತ್ತಿದ್ದ.

1874ರ ಬೇಸಿಗೆಯಲ್ಲಿ ಅದಕ್ಕೆ ಅವಕಾಶ ಸಿಕ್ಕಿತು. ನೇಪಲ್ಸ್ ಹತ್ತಿರದ ಪೊರ್ತಿಚಿಯಲ್ಲಿ ಸಮುದ್ರದ ದಂಡೆಗೆ ಮನೆ ಮಾಡಿದರು. ಅಲ್ಲಿ ಬಿಡಿಸಿದ ಚಿತ್ರಗಳಲ್ಲಿ ರೇಷ್ಮೆ ಅಂಗಿಯ ಸಾಹೇಬರಿಲ್ಲ, ಅಂಗಡಿ ಸಾಲಿಲ್ಲ. ಮರಳಿನ ಮೇಲೆ ಬಿಸಿಲಿಗೆ ಮೈ ಒಡ್ಡಿ ಮಲಗಿದ ಬೆತ್ತಲೆ ಹುಡುಗ, ಸಮುದ್ರತೀರದ ಜನ, ನೀಲಿ ನೆರಳು. ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಮೊನೆ, ರೆನ್ವಾ, ದೆಗಾ ಮುಂತಾದವರು ಫೋಟೋಗ್ರಾಫರ್ ನಾದಾರ್‌ನ ಹಳೇ ಸ್ಟುಡಿಯೋದಲ್ಲಿ ತಮ್ಮ ಮೊದಲ ಪ್ರದರ್ಶನ ಇಟ್ಟಿದ್ದರು. ಫೋರ್ತುನಿ ಆ ಗುಂಪಿನವನಲ್ಲ. ಆದರೂ ಬೆಳಕಿನ ಹಿಂದೆ ಬಿದ್ದವರು ಬೇರೆ ಬೇರೆ ದಾರಿಯಲ್ಲಿ ಒಂದೇ ಊರಿನ ಹತ್ತಿರ ಬರುತ್ತಿದ್ದರು ಅನ್ನಿಸುತ್ತೆ.

ಆತ ಆ ಊರು ಮುಟ್ಟಲಿಲ್ಲ. ರೋಮಿಗೆ ವಾಪಸ್ಸಾದ ಮೇಲೆ ಜ್ವರ ಬಂತು. ಮಲೇರಿಯಾ ಅಂದರು. 1874ರ ನವೆಂಬರ್ 21ರಂದು ತೀರಿಕೊಂಡ. ವಯಸ್ಸು ಮೂವತ್ತಾರು. ನಾನೀಗ ಇರೋದೂ ಹೆಚ್ಚುಕಮ್ಮಿ ಅದೇ ವಯಸ್ಸಲ್ಲಿ, ಹಾಗಾಗಿ ಈ ಸಂಖ್ಯೆ ಓದಿದಾಗಲೆಲ್ಲ ಒಂದು ಕ್ಷಣ ನಿಲ್ಲುತ್ತೇನೆ. ದೇಹವನ್ನು ರೋಮಿನಲ್ಲೇ ಮಣ್ಣು ಮಾಡಿದರು. ಹೃದಯವನ್ನು ತೆಗೆದು ರೆಯುಸ್ಸಿಗೆ ಕಳಿಸಿದರು. ಅಲ್ಲಿನ ಸಂತ ಪೇತ್ರನ ಚರ್ಚಿನಲ್ಲಿ ಅದು ಇದೆ. ಮುಂದಿನ ವರ್ಷ ಸ್ಟುಡಿಯೋದಲ್ಲಿ ಉಳಿದಿದ್ದ ಚಿತ್ರಗಳು, ಸಂಗ್ರಹದ ವಸ್ತುಗಳು ಪ್ಯಾರಿಸ್ಸಿನ ಹರಾಜಿನಲ್ಲಿ ಚದುರಿಹೋದವು.

ಮುಗಿಯದ 'ತೆತುವಾನ್ ಕದನ'ವನ್ನು ಏನು ಮಾಡೋದು? ಆತ ಮುಂಗಡ ವಾಪಸ್ ಕೊಟ್ಟಿದ್ದನಲ್ಲ, ಅದೇ ಪ್ರಾಂತೀಯ ಸಭೆ ಆತ ಸತ್ತ ಮೇಲೆ ಮನೆಯವರಿಂದ ಅದನ್ನು ದುಡ್ಡು ಕೊಟ್ಟು ಕೊಂಡಿತು. ಈಗ ಅದು ಬಾರ್ಸಿಲೋನಾದ ಮೊಂಜೂಯಿಕ್ ಗುಡ್ಡದ ಮೇಲಿನ ರಾಷ್ಟ್ರೀಯ ಕಲಾ ಮ್ಯೂಸಿಯಂನಲ್ಲಿ ಗೋಡೆ ತುಂಬ ನಿಂತಿದೆ. 1962ರಲ್ಲಿ ಸಾಲ್ವದೋರ್ ದಾಲಿ ಇದಕ್ಕೆ ಗೌರವವಾಗಿ ತನ್ನದೇ ಒಂದು ಭಾರೀ 'ತೆತುವಾನ್ ಕದನ' ಬಿಡಿಸಿ, ಎರಡನ್ನೂ ಅಕ್ಕಪಕ್ಕ ಪ್ರದರ್ಶಿಸಿದ. ಮುಗಿಯದ ಜಾಗಗಳೇ ಇವತ್ತಿನ ಕಣ್ಣಿಗೆ ಆ ಚಿತ್ರದ ಅತ್ಯಂತ ಜೀವಂತ ಭಾಗ. ಕಮಿಟಿಯವರು ಒಪ್ಪುತ್ತಿದ್ದರೋ ಇಲ್ಲವೋ.

ತೈಲವರ್ಣದ ಆ ಗೋಡೆಯಷ್ಟಗಲದ ಚಿತ್ರ ವರ್ಷವಿಡೀ ನೋಡೋಕೆ ಸಿಗುತ್ತೆ. ಜಲವರ್ಣಕ್ಕೆ ಆ ಭಾಗ್ಯ ಇಲ್ಲ. ಬಣ್ಣದ ಪದರ ಅಷ್ಟು ತೆಳುವಾಗಿರೋದರಿಂದ ಬೆಳಕು ಬಿದ್ದಷ್ಟೂ ಮಾಸುತ್ತೆ. ಸಾಹುಕಾರರು ಚಿನ್ನದ ಕಟ್ಟು ಹಾಕಿಸಿ ಕಿಟಕಿ ಎದುರಿನ ಗೋಡೆಗೆ ತೂಗುಹಾಕಿದ ಚಿತ್ರಗಳಲ್ಲಿ ಮೊದಲು ಹೋದದ್ದು ಇಂಡಿಗೋ ನೀಲಿ, ನಮ್ಮ ದೇಶದ ರೈತರಿಂದ ಬಲವಂತವಾಗಿ ಬೆಳೆಸಿದ ಅದೇ ನೀಲಿ. ನೀಲಿ ಹೋಗಿ ಆಕಾಶಗಳೆಲ್ಲ ಕೆಂಪಡರಿದವು. ಇದು ಹೌದೋ ಅಲ್ಲವೋ ಅಂತ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ಆಯ್ತು. ರಸೆಲ್ ಮತ್ತು ಆಬ್ನಿ ಅನ್ನೋ ಇಬ್ಬರು ವಿಜ್ಞಾನಿಗಳು ಸರ್ಕಾರದ ಪರವಾಗಿ ಬಣ್ಣಗಳನ್ನು ಬಿಸಿಲಿಗೆ ಇಟ್ಟು ಪರೀಕ್ಷೆ ಮಾಡಿ, 1888ರಲ್ಲಿ ವರದಿ ಕೊಟ್ಟರು: ಮಾಸುವುದು ನಿಜ, ಬೆಳಕಿನ ಜೊತೆ ಗಾಳಿ ಮತ್ತು ತೇವ ಸೇರಿದರೆ ಇನ್ನೂ ಬೇಗ. ಇವತ್ತು ಮ್ಯೂಸಿಯಂಗಳಲ್ಲಿ ಜಲವರ್ಣದ ಮೇಲೆ ಬೀಳುವ ಬೆಳಕನ್ನು 50 ಲಕ್ಸ್ ಆಸುಪಾಸಿಗೆ ಇಳಿಸಿರುತ್ತಾರೆ. ನಮ್ಮ ಆಫೀಸುಗಳ ಡೆಸ್ಕಿನ ಮೇಲಿನ ಬೆಳಕಿನ ಹತ್ತನೇ ಒಂದು ಭಾಗ ಅದು. ಬಹಳಷ್ಟು ಕಡೆ ಕೆಲವು ತಿಂಗಳು ತೋರಿಸಿ, ಆಮೇಲೆ ಆಮ್ಲವಿಲ್ಲದ ರಟ್ಟಿನ ನಡುವೆ ಮಲಗಿಸಿ, ಕತ್ತಲೆಯ ಡ್ರಾಯರಿಗೆ ವಾಪಸ್. ಮೊರಾಕ್ಕೋದ ಮಧ್ಯಾಹ್ನವನ್ನು ನೋಡಬೇಕಾದರೆ ಮುಸ್ಸಂಜೆಯಂಥ ಕೋಣೆಗೆ ಹೋಗಬೇಕು, ಕಣ್ಣು ಹೊಂದಿಕೊಳ್ಳುವವರೆಗೆ ಒಂದೆರಡು ನಿಮಿಷ ಕಾಯಬೇಕು.

ಫೋರ್ತುನಿಯ ಚಿತ್ರಗಳು ಅಷ್ಟು ದುಬಾರಿಯಾಗಿ ಮಾರಾಟವಾದವು, ಅಷ್ಟು ದೂರ ದೂರ ಹೋದವು. ಆದರೆ ಪೊರ್ತಿಚಿಯ ಬೇಸಿಗೆಯ ಒಂದು ಚಿಕ್ಕ ತೈಲಚಿತ್ರ ಗೂಪಿಲ್‌ನ ಮಳಿಗೆಯ ಮೆಟ್ಟಿಲು ಹತ್ತಲೇ ಇಲ್ಲ. ಉದ್ದನೆಯ ದಿವಾನದ ಮೇಲೆ ಅವನ ಇಬ್ಬರು ಮಕ್ಕಳು, ಮರಿಯಾ ಲೂಯಿಸಾ ಮತ್ತು ಮೂರು ವರ್ಷದ ಮರಿಯಾನೊ. ಹಿಂದೆ ಜಪಾನೀ ಶೈಲಿಯ ಗೋಡೆ, ಬಹುಪಾಲು ಖಾಲಿ. ಮಾವನಿಗೆ ಉಡುಗೊರೆ ಕೊಡಬೇಕು ಅಂತ ಶುರು ಮಾಡಿದ್ದು, ಅದೂ ಮುಗಿಯಲಿಲ್ಲ. ಚಿತ್ರದಲ್ಲಿರುವ ಆ ಹುಡುಗ ಬೆಳೆದು ವೆನಿಸ್ಸಿನಲ್ಲಿ ನೆಲೆಸಿದ. ನೆರಿಗೆ ರೇಷ್ಮೆಯ 'ಡೆಲ್ಫೋಸ್' ಗೌನುಗಳಿಂದ ಅಪ್ಪನಿಗಿಂತ ದೊಡ್ಡ ಹೆಸರು ಮಾಡಿದ. ಅದಕ್ಕೂ ಮೊದಲು ಅವನು ಕೈ ಹಾಕಿದ್ದು ರಂಗಮಂದಿರದ ಬೆಳಕಿಗೆ. ದೀಪದ ಬೆಳಕನ್ನು ನೇರವಾಗಿ ಬಿಡದೆ ಬಟ್ಟೆಯ ಮೇಲೆ ಬೀಳಿಸಿ, ಅಲ್ಲಿಂದ ಚದುರಿಸಿ, ವೇದಿಕೆಯ ಮೇಲೆ ಆಕಾಶದ ಬೆಳಕನ್ನೇ ತರುವ ವ್ಯವಸ್ಥೆಗೆ ಪೇಟೆಂಟ್ ಪಡೆದ. ಅವನು ತೀರಿಕೊಂಡದ್ದು 1949ರಲ್ಲಿ. ಮುಂದಿನ ವರ್ಷ ಅವನ ಇಚ್ಛೆಯಂತೆ ಆ ಮಕ್ಕಳ ಚಿತ್ರ ಪ್ರಾದೋ ಮ್ಯೂಸಿಯಂಗೆ ಸೇರಿತು.